ಹೆಸರಿಗೆ ಲ್ಯಾಂಡ್‌ಲಾರ್ಡ್, ಇರೋದು ಬಾಡಿಗೆಗೆ: ಇಂಗ್ಲೆಂಡಿನ ಪಬ್‌ಗಳು ಯಾಕೆ ಮುಚ್ಚುತ್ತಿವೆ?

ನಾನಿರುವ ಬೀದಿಯ ತುದಿಯಲ್ಲಿ ಒಂದು ಪಬ್ ಇತ್ತು. ಈಗ ಕಟ್ಟಡ ಇದೆ, ಪಬ್ ಇಲ್ಲ. ಕಿಟಕಿಗಳಿಗೆ ಪ್ಲೈವುಡ್ ಹೊಡೆದಿದ್ದಾರೆ. ಬಾಗಿಲ ಮೇಲೆ ಗಾಳಿಗೆ ತೂಗುತ್ತಿದ್ದ ಬಣ್ಣದ ಬೋರ್ಡನ್ನು ಇಳಿಸಿದ್ದಾರೆ, ಅದನ್ನು ನೇತುಹಾಕಿದ್ದ ಕಬ್ಬಿಣದ ಕೊಕ್ಕೆ ಮಾತ್ರ ಉಳಿದಿದೆ. ಗೋಡೆಯ ಕಪ್ಪು ಹಲಗೆಯಲ್ಲಿ ‘ಮಂಗಳವಾರ ಕ್ವಿಜ್, ರಾತ್ರಿ 8ಕ್ಕೆ’ ಅಂತ ಸೀಮೆಸುಣ್ಣದಲ್ಲಿ ಬರೆದದ್ದು ಮಳೆಗೆ ಅರ್ಧ ಅಳಿಸಿದೆ.

ನಾನು ಕುಡಿಯುವುದಿಲ್ಲ. ಆದರೂ ಆರು ವರ್ಷ, ಹೆಚ್ಚುಕಡಿಮೆ ಪ್ರತಿ ಮಂಗಳವಾರ, ನಿಂಬೆ ಸೋಡಾ ಹಿಡಿದುಕೊಂಡು ಅಲ್ಲಿ ಕೂತಿದ್ದೇನೆ. ಈ ದೇಶಕ್ಕೆ ಬಂದ ಮೇಲೆ, ಆಫೀಸಿನ ಆಚೆ, ನನ್ನನ್ನು ಮೊದಲು ಹೆಸರು ಹಿಡಿದು ಕರೆದ ಜಾಗ ಅದು.

ಬೆಂಗಳೂರಿನಲ್ಲಿ ಪಬ್ ಅಂದರೆ ಜೋರು ಸಂಗೀತ, ಮಂದ ಬೆಳಕು, ಶನಿವಾರ ರಾತ್ರಿ. ಇಂಗ್ಲೆಂಡಿನಲ್ಲಿ ಹಾಗಲ್ಲ. ಇಲ್ಲಿ ಅದು ‘ಪಬ್ಲಿಕ್ ಹೌಸ್’ ಅನ್ನುವುದರ ಮೊಟಕು ರೂಪ. ಊರವರಿಗೆಲ್ಲ ಬಾಗಿಲು ತೆರೆದಿಟ್ಟ ಮನೆ. ಮಧ್ಯಾಹ್ನ ಹೋದರೆ ಒಬ್ಬ ಅಜ್ಜ ಮೂಲೆಯಲ್ಲಿ ಪೇಪರ್ ಓದುತ್ತಿರುತ್ತಾರೆ, ಅವರ ನಾಯಿ ಬೆಂಕಿಗೂಡಿನ ಮುಂದೆ ಕಾಲು ಚಾಚಿ ಮಲಗಿರುತ್ತದೆ. ಭಾನುವಾರ ಮನೆಮಂದಿಯೆಲ್ಲ ರೋಸ್ಟ್ ತಿನ್ನಲು ಬರುತ್ತಾರೆ. ಮಣ್ಣು ಮಾಡಿ ಬಂದವರು ಸ್ಯಾಂಡ್‌ವಿಚ್ ತಿನ್ನುತ್ತ ಸತ್ತವರನ್ನು ನೆನೆಯುವುದೂ ಅಲ್ಲೇ. ನಾಲ್ಕು ಜನ ಸೇರಿದರೆ ಬಿಲ್ ಹಂಚುವುದಿಲ್ಲ. ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸುತ್ತಾರೆ. ಅದಕ್ಕೆ ‘ರೌಂಡ್’ ಅಂತಾರೆ. ಮನೆ ಹತ್ತಿರದ ಪಬ್‌ಗೆ ಇಲ್ಲಿನವರು ‘ನನ್ನ ಲೋಕಲ್’ ಅನ್ನುತ್ತಾರೆ. ನಮ್ಮ ಕಡೆ ‘ನಮ್ಮೂರ ಕಟ್ಟೆ’ ಅನ್ನುವಾಗ ದನಿಯಲ್ಲಿ ಬರುವ ಸಲಿಗೆ ಅದರಲ್ಲೂ ಇದೆ.

ಆ ತೂಗುಬೋರ್ಡಿಗೂ ಒಂದು ಚರಿತ್ರೆ ಇದೆ. 1393ರಲ್ಲಿ, ಎರಡನೇ ರಿಚರ್ಡ್ ರಾಜನ ಕಾಲದಲ್ಲಿ, ಏಲ್ ಅನ್ನುವ ಬಗೆಯ ಬಿಯರ್ ಮಾರುವವರು ಹೊರಗೆ ಗುರುತು ತೂಗುಹಾಕಲೇಬೇಕು ಅಂತ ನಿಯಮ ಬಂತು. ಓದು ಬಾರದ ಜನವೇ ಜಾಸ್ತಿ ಇದ್ದ ಕಾಲ, ಹಾಗಾಗಿ ಚಿತ್ರ. ರಿಚರ್ಡ್‌ನ ಲಾಂಛನ ಬಿಳಿ ಜಿಂಕೆ, ಅದಕ್ಕೇ ಇವತ್ತಿಗೂ ಎಷ್ಟೋ ಊರಲ್ಲಿ ‘ವೈಟ್ ಹಾರ್ಟ್’ ಅನ್ನುವ ಪಬ್ ಸಿಗುತ್ತದೆ. 1651ರಲ್ಲಿ ಯುದ್ಧ ಸೋತು ಓಡಿದ ಎರಡನೇ ಚಾರ್ಲ್ಸ್ ಒಂದು ಓಕ್ ಮರದಲ್ಲಿ ಅಡಗಿ ಕೂತಿದ್ದ. ಅದರ ನೆನಪಿಗೆ ಹುಟ್ಟಿದ ಹೆಸರು ‘ರಾಯಲ್ ಓಕ್’. ಒಂದು ಪಬ್ ಮುಚ್ಚಿದಾಗ ಇಂಥ ಹೆಸರೂ ಬೀದಿಯಿಂದ ಹೋಗುತ್ತದೆ. ಬಸ್ ಸ್ಟಾಪಿನ ಹೆಸರಲ್ಲಿ ಮಾತ್ರ ಇನ್ನಷ್ಟು ವರ್ಷ ಉಳಿಯುತ್ತದೆ.

ಹೋಗುತ್ತಿರುವ ವೇಗ ನೋಡಿ. 2000ದಲ್ಲಿ ಬ್ರಿಟನ್ನಿನಲ್ಲಿ 60,000ಕ್ಕೂ ಹೆಚ್ಚು ಪಬ್‌ಗಳಿದ್ದವು. ಈಗ ಸುಮಾರು 45,000. ಇಂಗ್ಲೆಂಡ್ ಮತ್ತು ವೇಲ್ಸ್ ಎರಡನ್ನೇ ತೆಗೆದುಕೊಂಡರೆ 2024ರ ಕೊನೆಗೆ ಸಂಖ್ಯೆ 39,000ದಿಂದ ಕೆಳಗಿಳಿಯಿತು.

ಯಾಕೆ ಅಂತ ಯಾರನ್ನೇ ಕೇಳಿದರೂ ಒಂದೇ ಪಟ್ಟಿ ಸಿಗುತ್ತದೆ. 2007ರ ಜುಲೈ 1ರಿಂದ ಒಳಗೆ ಸಿಗರೇಟ್ ಸೇದುವಂತಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಯರ್ ಅಗ್ಗ. ಹುಡುಗರು ಮೊದಲಿನಷ್ಟು ಕುಡಿಯುತ್ತಿಲ್ಲ. ಕೋವಿಡ್ ಬಂತು, ಆಮೇಲೆ ಉಕ್ರೇನ್ ಯುದ್ಧದಿಂದ ಕರೆಂಟು, ಗ್ಯಾಸ್ ಬಿಲ್ ಏರಿತು. ಎಲ್ಲವೂ ನಿಜ. ಆದರೆ ನಮ್ಮ ಬೀದಿಯ ಪಬ್ ಮುಚ್ಚುವ ಹಿಂದಿನ ಭಾನುವಾರವೂ ತುಂಬಿತ್ತು, ಕೂರಲು ಜಾಗ ಇರಲಿಲ್ಲ. ಗಿರಾಕಿ ಇದ್ದೂ ಪಬ್ ಮುಚ್ಚುತ್ತದೆ ಅಂದರೆ ಈ ಪಟ್ಟಿಯಲ್ಲಿ ಏನೋ ಒಂದು ಬಿಟ್ಟುಹೋಗಿದೆ, ಅಲ್ವಾ?

ಬಿಟ್ಟುಹೋಗಿರುವುದು ಆ ಕಟ್ಟಡ ಯಾರದು ಅನ್ನುವ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಪಬ್ ನಡೆಸುವವರನ್ನು ಲ್ಯಾಂಡ್‌ಲಾರ್ಡ್ ಅಂತ ಕರೆಯುತ್ತಾರೆ. ಜಾಗದ ಒಡೆಯ ಅಂತ ಮಾತಿನ ಅರ್ಥ. ನಿಜ ನೋಡಿದರೆ ಎಷ್ಟೋ ಲ್ಯಾಂಡ್‌ಲಾರ್ಡ್‌ಗಳು ಬಾಡಿಗೆದಾರರು. ಕೆಳಗೆ ಪಬ್, ಮೇಲಿನ ಮಹಡಿಯಲ್ಲಿ ಸಂಸಾರ, ಎರಡೂ ಬೇರೆಯವರದು. ಪಬ್ ಬಿಟ್ಟ ದಿನ ಮನೆಯೂ ಹೋಯಿತು. ನಮ್ಮ ಲ್ಯಾಂಡ್‌ಲಾರ್ಡ್ 19 ವರ್ಷ ಆ ಕೌಂಟರಿನ ಹಿಂದೆ ನಿಂತವರು. ಒಂದು ಸಂಜೆ ಗಿರಾಕಿ ಕಮ್ಮಿ ಇದ್ದಾಗ ಎರಡು ಕಾಗದ ತಂದು ನನ್ನ ಮುಂದೆ ಇಟ್ಟರು. ಎರಡರಲ್ಲೂ ಒಂದೇ ಬಿಯರ್, ಒಂದೇ ಅಳತೆಯ ಪೀಪಾಯಿ. ಒಂದು, ಹೊರಗೆ ಯಾರು ಬೇಕಾದರೂ ಕೊಳ್ಳುವ ಬೆಲೆ. ಇನ್ನೊಂದು, ಕಟ್ಟಡದ ಒಡೆಯರಾದ ಕಂಪನಿ ಅವರಿಗೆ ಕೊಡುವ ಬೆಲೆ. ಕಂಪನಿಯದು ಹತ್ತಾರು ಪೌಂಡ್ ಜಾಸ್ತಿ. ‘ಹೊರಗಿನದು ತರಿಸಿದರೆ?’ ಅಂತ ಕೇಳಿದೆ. ‘ಕರಾರು ಮುರಿದ ಹಾಗೆ, ಮಾರನೇ ದಿನ ನೋಟಿಸ್’ ಅಂದರು.

ಇದಕ್ಕೆ ‘ಟೈ’ ಅನ್ನುತ್ತಾರೆ. ಅಂಗಡಿ ಬಾಡಿಗೆಗೆ ಕೊಟ್ಟವನೇ ‘ಅಕ್ಕಿ, ಬೇಳೆ ಎಲ್ಲ ನನ್ನ ಗೋಡೌನಿನಿಂದಲೇ, ನಾನು ಹೇಳಿದ ರೇಟಿಗೇ ತಗೋಬೇಕು’ ಅಂದ ಹಾಗೆ. ಬಾಡಿಗೆ ಒಂದು ಕಡೆ, ಸರಕಿನ ಮೇಲಿನ ಲಾಭ ಇನ್ನೊಂದು ಕಡೆ. ಈ ಕಟ್ಟು ಇಲ್ಲದ ಪಬ್ಬಿಗೆ ‘ಫ್ರೀ ಹೌಸ್’ ಅನ್ನುತ್ತಾರೆ. ಹೊರಗೆ ಆ ಎರಡು ಪದ ಕಂಡರೆ, ಯಾರ ಬಿಯರ್ ಬೇಕಾದರೂ ತರಿಸುವ ಸ್ವಾತಂತ್ರ್ಯ ಇದೆ ಅಂತ ಅರ್ಥ. ಟೈ ಅನ್ನುವುದು ಸುಮ್ನೆ ಅನ್ಯಾಯಕ್ಕೆಂದೇ ಹುಟ್ಟಿದ್ದಲ್ಲ. ಕೈಯಲ್ಲಿ ಬಂಡವಾಳ ಇಲ್ಲದವರು ಕಮ್ಮಿ ಬಾಡಿಗೆಗೆ ಪಬ್ ಹಿಡಿಯಲು ಅದು ದಾರಿಯಾಗಿತ್ತು. ಆಗ ಪಬ್ಬಿನ ಒಡೆಯ ಅಂದರೆ ಬಿಯರ್ ತಯಾರಿಸುವ ಬ್ರೂವರಿ. ಅದಕ್ಕೆ ಬಿಯರ್ ಖರ್ಚಾಗಬೇಕು, ಹಾಗಾಗಿ ಪಬ್ ನಡೆಯಬೇಕು. ಇಬ್ಬರ ಹಿತವೂ ಒಂದೇ ಕಡೆ ಇತ್ತು.

ಅದು ಕೆಟ್ಟದ್ದು 1989ರ ಒಂದು ಆದೇಶದಿಂದ. ಅಲ್ಲಿಯವರೆಗೆ ದೇಶದ ಬಹುಪಾಲು ಬಿಯರ್ ಆರು ದೊಡ್ಡ ಬ್ರೂವರಿಗಳ ಕೈಯಲ್ಲಿತ್ತು, ಸಾವಿರಾರು ಪಬ್‌ಗಳೂ ಅವುಗಳದೇ. ಈ ಹಿಡಿತ ಸಡಿಲಿಸಬೇಕು ಅಂತ ಮಾರ್ಗರೆಟ್ ಥ್ಯಾಚರ್ ಸರ್ಕಾರ ‘ಬಿಯರ್ ಆರ್ಡರ್ಸ್’ ತಂದಿತು. 2,000ಕ್ಕಿಂತ ಹೆಚ್ಚು ಪಬ್ ಇರುವ ಬ್ರೂವರಿಗಳು ಆ ಹೆಚ್ಚಿನದರಲ್ಲಿ ಅರ್ಧವನ್ನು ಟೈನಿಂದ ಬಿಡಿಸಬೇಕು ಅಂತ ನಿಯಮ. ಉದ್ದೇಶ ಒಳ್ಳೆಯದೇ. ಆದರೆ ನಿಯಮ ಕಟ್ಟಿಹಾಕಿದ್ದು ಬಿಯರ್ ತಯಾರಿಸುವವರನ್ನು ಮಾತ್ರ. ಬಿಯರ್ ತಯಾರಿಸದೆ ಸುಮ್ಮನೆ ಪಬ್ ಕೊಂಡಿಟ್ಟುಕೊಳ್ಳುವವರಿಗೆ ಯಾವ ಮಿತಿಯೂ ಇರಲಿಲ್ಲ. ಬ್ರೂವರಿಗಳು ಪಬ್‌ಗಳನ್ನು ಗೊಂಚಲುಗೊಂಚಲಾಗಿ ಮಾರಿದವು. ಕೊಂಡವರು ಹೊಸ ಕಂಪನಿಗಳು. ಜನರ ಬಾಯಲ್ಲಿ ‘ಪಬ್‌ಕೋ’. ಪಂಚ್ ಟಾವರ್ನ್ಸ್, ಎಂಟರ್‌ಪ್ರೈಸ್ ಇನ್ಸ್ ಅನ್ನುವ ಎರಡು ಕಂಪನಿಗಳು ಒಂದೊಂದೂ 7,000ಕ್ಕಿಂತ ಹೆಚ್ಚು ಪಬ್‌ಗಳ ಒಡೆಯರಾದವು.

ಕೊಂಡದ್ದು ಸಾಲದ ದುಡ್ಡಿನಲ್ಲಿ. ಪಬ್‌ಗಳಿಂದ ಬರುವ ಬಾಡಿಗೆಯನ್ನೇ ಆಧಾರ ತೋರಿಸಿ ಇನ್ನಷ್ಟು ಸಾಲ. ಆಸ್ತಿ ಬೆಲೆ ಏರುತ್ತಿದ್ದಷ್ಟು ದಿನ ನಡೆಯಿತು. 2008ರಲ್ಲಿ ಬ್ಯಾಂಕುಗಳು ಕುಸಿದಾಗ ಸಾಲ ಮಾತ್ರ ಉಳಿಯಿತು. ಆಗ ಕಂಪನಿಗಳ ಮುಂದಿದ್ದ ಸುಲಭದ ದಾರಿ ಪಬ್ ಮಾರುವುದು. ಪಬ್ಬಾಗಿ ಕೊಳ್ಳುವವರಿಗಿಂತ ಮನೆ ಕಟ್ಟುವವರು ಜಾಸ್ತಿ ಕೊಡುತ್ತಿದ್ದರು. ಹಳೆಯ ಬ್ರೂವರಿಗೆ ಪಬ್ ನಡೆಯಬೇಕಿತ್ತು. ಸಾಲದಲ್ಲಿ ಮುಳುಗಿದ ಪಬ್‌ಕೋಗೆ ಪಬ್ ಮುಚ್ಚಿದರೂ ಲಾಭ ಬರುವಂತಾಯಿತು. ನನ್ನ ಪ್ರಕಾರ ಇಡೀ ಕಥೆಯ ತಿರುವು ಇಲ್ಲೇ ಇದೆ.

2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ‘ಪಬ್ಸ್ ಕೋಡ್’ ಬಂತು. 500 ಅಥವಾ ಅದಕ್ಕಿಂತ ಹೆಚ್ಚು ಟೈ ಪಬ್ ಇರುವ ಕಂಪನಿಗಳ ಬಾಡಿಗೆದಾರರು, ಕೆಲವು ಸಂದರ್ಭಗಳಲ್ಲಿ, ‘ಟೈ ಬೇಡ, ಮಾರುಕಟ್ಟೆ ಬಾಡಿಗೆ ಕೊಡುತ್ತೇನೆ’ ಅನ್ನಬಹುದು. ಕಾಗದದಲ್ಲಿ ಒಳ್ಳೆಯ ಹಕ್ಕು. ಆದರೆ ಅದನ್ನು ಕೇಳಲು ವಕೀಲರು ಬೇಕು, ಸರ್ವೇಯರ್ ಬೇಕು, ತಿಂಗಳುಗಟ್ಟಲೆ ಪುರುಸೊತ್ತು ಬೇಕು. ಬೆಳಿಗ್ಗೆ ನೆಲಮಾಳಿಗೆಯಲ್ಲಿ ಪೈಪು ತೊಳೆದು, ರಾತ್ರಿ 12ಕ್ಕೆ ಲೋಟ ಒರೆಸುವ ಮನುಷ್ಯನಿಗೆ ಅದೆಲ್ಲ ಎಲ್ಲಿಂದ ಬರಬೇಕು?

ಇನ್ನು ಒಂದು ಪಿಂಟಿನ ಲೆಕ್ಕ ಹಾಕೋಣ. ಪಿಂಟ್ ಅಂದರೆ 568 ಮಿಲಿಲೀಟರ್. ಲೋಟದ ಮೇಲೆ ಅಳತೆಯ ಸರ್ಕಾರಿ ಮುದ್ರೆ ಇರುತ್ತದೆ. ಶೇ. 4 ಮದ್ಯಸಾರ ಇರುವ ಒಂದು ಪಿಂಟ್ ಏಲ್ 5 ಪೌಂಡಿಗೆ ಮಾರಿದರೆ ಅದರಲ್ಲಿ 83 ಪೆನ್ಸ್ ವ್ಯಾಟ್‌ಗೆ ಹೋಯಿತು. ಮದ್ಯದ ಸುಂಕ 40 ಪೆನ್ಸ್‌ಗೂ ಜಾಸ್ತಿ. ಅಂದರೆ ನಾಲ್ಕರಲ್ಲಿ ಒಂದು ಪಾಲು ಸರ್ಕಾರಕ್ಕೆ. ಉಳಿದ ಸುಮಾರು ಮುಕ್ಕಾಲು ಪಾಲಿನಲ್ಲಿ ಬಿಯರ್ ಕೊಂಡ ಬೆಲೆ, ಸಂಬಳ, ಬಾಡಿಗೆ, ಕರೆಂಟು, ವಿಮೆ, ಆಮೇಲೆ ಬಿಸಿನೆಸ್ ರೇಟ್ಸ್ ಎಲ್ಲ ಹೊಂದಬೇಕು.

ಬಿಸಿನೆಸ್ ರೇಟ್ಸ್ ಅಂದರೆ ವ್ಯಾಪಾರದ ಕಟ್ಟಡಗಳ ಮೇಲಿನ ತೆರಿಗೆ. ಪಬ್‌ಗಳಿಗೆ ಇದನ್ನು ಹಾಕುವ ರೀತಿಯೇ ಬೇರೆ. ಬೇರೆ ಅಂಗಡಿಗಳಿಗೆ ಜಾಗದ ಅಳತೆ ಮುಖ್ಯ. ಪಬ್ಬಿಗೆ, ಅಲ್ಲಿ ಎಷ್ಟು ವ್ಯಾಪಾರ ಆಗಬಹುದು ಅನ್ನುವ ಅಂದಾಜು ಮುಖ್ಯ. ಚೆನ್ನಾಗಿ ಅಡುಗೆ ಮಾಡಿ ಗಿರಾಕಿ ಹೆಚ್ಚಿಸಿಕೊಂಡರೆ ಮುಂದಿನ ಸಲ ತೆರಿಗೆಯೂ ಏರಬಹುದು. ಕೋವಿಡ್ ಕಾಲದಲ್ಲಿ ಕೊಟ್ಟ ರಿಯಾಯಿತಿ 2025ರ ಏಪ್ರಿಲ್‌ನಲ್ಲಿ ಶೇ. 75ರಿಂದ 40ಕ್ಕೆ ಇಳಿಯಿತು. ಅದೇ ತಿಂಗಳು ಕೆಲಸಗಾರರಿಗಾಗಿ ಮಾಲೀಕರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಶೇ. 13.8ರಿಂದ 15ಕ್ಕೆ ಏರಿತು. ಜೊತೆಗೆ, ವರ್ಷಕ್ಕೆ 9,100 ಪೌಂಡಿನ ಮೇಲಿನ ಸಂಬಳಕ್ಕೆ ಮಾತ್ರ ಕಟ್ಟಬೇಕಿದ್ದುದು 5,000ದ ಮೇಲೆಯೇ ಶುರುವಾಯಿತು. ವಾರಕ್ಕೆ ಎರಡು ಮೂರು ಸಂಜೆ ಬಂದು ಕೆಲಸ ಮಾಡುವ ಕಾಲೇಜು ಹುಡುಗ ಹುಡುಗಿಯರೇ ಪಬ್ಬಿನ ಕೈಕಾಲು. ಈ ಹೊರೆ ಬಿದ್ದದ್ದು ಅಂಥವರ ಸಂಬಳದ ಲೆಕ್ಕದ ಮೇಲೆ.

ಊಟದ ಮೇಲೂ ಇಂಥದ್ದೇ ತಾರತಮ್ಯ. ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಬಹುತೇಕ ಆಹಾರಕ್ಕೆ ವ್ಯಾಟ್ ಇಲ್ಲ, ಪಬ್ಬಿನ ತಟ್ಟೆಗೆ ಶೇ. 20. ಅಲ್ಲಿ ಉಳಿದ ದುಡ್ಡಿನಲ್ಲಿ ಸೂಪರ್ ಮಾರ್ಕೆಟ್ಟು ಬಿಯರ್ ಅಗ್ಗ ಮಾಡಬಹುದು. ಪಬ್ ಮುಚ್ಚಿದರೆ ಕುಡಿತ ಕಡಿಮೆಯಾಗುತ್ತದೆ, ಒಳ್ಳೆಯದೇ ಅಲ್ವಾ ಅಂತ ಊರಿನಿಂದ ಫೋನ್ ಮಾಡಿದಾಗ ನಮ್ಮಮ್ಮ ಕೇಳಿದರು. ಕುಡಿತದ ಕೇಡನ್ನು ನಾನು ಹಗುರ ಮಾಡುವುದಿಲ್ಲ, ನಮ್ಮ ಮನೆತನದಲ್ಲೇ ಕಂಡಿದ್ದೇನೆ. ಆದರೆ ಬ್ರಿಟನ್ನಿನಲ್ಲಿ ಮಾರಾಟವಾಗುವ ಮದ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಅಂಗಡಿಗಳಿಂದಲೇ ಹೋಗುತ್ತದೆ. ಕುಡಿಯುವವರು ಬಾಗಿಲು ಹಾಕಿಕೊಂಡು ಟಿವಿ ಮುಂದೆ ಒಬ್ಬರೇ ಕುಡಿಯುತ್ತಾರೆ. ‘ಇವತ್ತಿಗೆ ಸಾಕು, ಮನೆಗೆ ಹೋಗಿ’ ಅಂತ ಲೋಟ ಎತ್ತಿಡಲು ಅಲ್ಲಿ ಯಾರೂ ಇಲ್ಲ. ನಮ್ಮ ಲ್ಯಾಂಡ್‌ಲಾರ್ಡ್ ಹಾಗೆ ಎತ್ತಿಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒಂಟಿತನದ ವಿಷಯ ನೋಡಿಕೊಳ್ಳಲೆಂದೇ 2018ರಲ್ಲಿ ಈ ದೇಶ ಒಬ್ಬ ಸಚಿವರನ್ನು ನೇಮಿಸಿತು. ಅದೇ ದೇಶದಲ್ಲಿ ಒಂಟಿ ಜನ ಬಂದು ಕೂರುವ ಜಾಗಗಳು ಹೀಗೆ ಬಾಗಿಲು ಹಾಕಿಕೊಳ್ಳುತ್ತಿವೆ.

ಜಾಗದ ಬೆಲೆ ಪಬ್ಬಿನ ಬೆಲೆಯನ್ನು ಮೀರಿದಾಗ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನ ಕಾರ್ಲ್ಟನ್ ಟಾವರ್ನ್ ನೋಡಬೇಕು. 1920ರ ಸುಮಾರಿಗೆ ಕಟ್ಟಿದ ಪಬ್. ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವ ಮಾತು ನಡೆಯುತ್ತಿದ್ದಾಗಲೇ, 2015ರ ಏಪ್ರಿಲ್‌ನಲ್ಲಿ, ಫ್ಲಾಟ್ ಕಟ್ಟಬೇಕೆಂದಿದ್ದ ಮಾಲೀಕರು ಅನುಮತಿ ಇಲ್ಲದೆ ಕೆಡವಿಬಿಟ್ಟರು. ಬೀದಿಯ ಜನ ಬಿಡಲಿಲ್ಲ. ಇದ್ದ ಹಾಗೆಯೇ ಮತ್ತೆ ಕಟ್ಟಿ ಅಂತ ಅಲ್ಲಿನ ಸ್ಥಳೀಯ ಆಡಳಿತ, ಅಂದರೆ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್, ಆದೇಶ ಕೊಟ್ಟಿತು. ಕೆಡವುವ ಮೊದಲೇ ಕಟ್ಟಡದ ವಿವರ ದಾಖಲಾಗಿತ್ತು, ಅದು ಉಪಯೋಗಕ್ಕೆ ಬಂತು. 2021ರ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಪಬ್ ಮತ್ತೆ ತೆರೆಯಿತು.

ಸ್ಟಾಫರ್ಡ್‌ಶೈರ್‌ನ ಹಿಮ್ಲಿಯ ‘ಕ್ರುಕೆಡ್ ಹೌಸ್’ ಕಥೆ ಇನ್ನೂ ಹಸಿಯಾಗಿದೆ. 1765ರಲ್ಲಿ ಕಟ್ಟಿದ ತೋಟದ ಮನೆ, ಆಮೇಲೆ ಪಬ್ ಆಯಿತು. ಕೆಳಗೆ ಗಣಿ ತೋಡಿ ನೆಲ ಕುಸಿದು ಕಟ್ಟಡ ಒಂದು ಕಡೆಗೆ ವಾಲಿತ್ತು. ಒಳಗೆ ಗೋಲಿ ಇಟ್ಟರೆ ಮೇಲ್ಮುಖವಾಗಿ ಉರುಳಿದಂತೆ ಕಾಣುತ್ತಿತ್ತು. ಅದನ್ನು ನೋಡಲೆಂದೇ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. 2023ರ ಜುಲೈನಲ್ಲಿ ಮಾರಾಟವಾಯಿತು. ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು. ಎರಡೇ ದಿನದಲ್ಲಿ, ಅನುಮತಿ ಇಲ್ಲದೆ, ಉಳಿದದ್ದನ್ನೂ ಕೆಡವಲಾಯಿತು. ಜನ ಬಂದು ಇಟ್ಟಿಗೆ ರಾಶಿಯ ಮುಂದೆ ಅತ್ತರು. 2024ರ ಫೆಬ್ರವರಿಯಲ್ಲಿ ಸೌತ್ ಸ್ಟಾಫರ್ಡ್‌ಶೈರ್ ಕೌನ್ಸಿಲ್, ಮೂರು ವರ್ಷದೊಳಗೆ ಮೊದಲಿದ್ದಂತೆ ಕಟ್ಟಬೇಕು ಅಂತ ನೋಟಿಸ್ ಕೊಟ್ಟಿತು.

ಪಬ್ ಕೆಡವಲು ಅಥವಾ ಅಂಗಡಿ ಮಾಡಲು ಇಂಗ್ಲೆಂಡಿನಲ್ಲಿ 2017ರ ಮೇ ತಿಂಗಳಿಂದ ಪ್ಲಾನಿಂಗ್ ಅನುಮತಿ ಬೇಕು. ಅದಕ್ಕೆ ಮೊದಲು ಬಹುತೇಕ ಕಡೆ ಬೇಕಿರಲಿಲ್ಲ. ಎಷ್ಟೋ ಪಬ್‌ಗಳು ಸದ್ದಿಲ್ಲದೆ ಸೂಪರ್ ಮಾರ್ಕೆಟ್ಟಿನ ಸಣ್ಣ ಶಾಖೆಗಳಾದದ್ದು ಹಾಗೆ. ಒಳಗೆ ಹಾಲು, ಬ್ರೆಡ್ಡು. ತಲೆ ಎತ್ತಿ ನೋಡಿದರೆ ಹಳೆಯ ಪಬ್ಬಿನ ಹೆಸರು ಕಲ್ಲಿನಲ್ಲಿ ಕೆತ್ತಿರುತ್ತದೆ.

ಹಾಗಂತ ಪಬ್‌ಗಳ ಬಾಗಿಲು ಎಲ್ಲರಿಗೂ ಸದಾ ತೆರೆದಿತ್ತು ಅಂದರೆ ಸುಳ್ಳಾಗುತ್ತದೆ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್, ವೆಸ್ಟ್ ಬ್ರಾಮ್ವಿಚ್ ಕಡೆಯ ಎರಕದ ಕಾರ್ಖಾನೆಗಳಿಗೆ 1950, 60ರ ದಶಕದಲ್ಲಿ ಪಂಜಾಬಿನಿಂದ ಸಾವಿರಾರು ಜನ ಬಂದರು. ಕುಲುಮೆಯ ಮುಂದೆ ದಿನವಿಡೀ ಬೆಂದು ಹೊರಬಂದರೆ, ಪಬ್‌ಗಳಲ್ಲಿ ‘ನಿಮಗೆ ಇಲ್ಲಿ ಕೊಡುವುದಿಲ್ಲ’ ಅನ್ನುತ್ತಿದ್ದರು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನ ಅವತಾರ್ ಸಿಂಗ್ ಜೋಹಲ್ ಮತ್ತು ಗೆಳೆಯರು ಬಿಳಿಯ ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಂಡು ಪಬ್‌ನಿಂದ ಪಬ್‌ಗೆ ಹೋಗಿ ಈ ಬೇಲಿಯನ್ನು ಬಯಲಿಗೆಳೆದರು. 1965ರ ಫೆಬ್ರವರಿಯಲ್ಲಿ ಅಮೆರಿಕದಿಂದ ಕಪ್ಪು ಜನರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದಾಗ ಅವರನ್ನೂ ‘ಬ್ಲೂ ಗೇಟ್ಸ್’ ಅನ್ನುವ ಪಬ್ಬಿಗೆ ಕರೆದೊಯ್ದರು. ಅದೇ ವರ್ಷದ ರೇಸ್ ರಿಲೇಷನ್ಸ್ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣ ನೋಡಿ ತಡೆಯುವುದನ್ನು ನಿಷೇಧಿಸಿತು.

ಮುಂದೆ ಅದೇ ಜನ ಪಬ್‌ಗಳನ್ನು ಹಿಡಿದು ನಡೆಸತೊಡಗಿದರು. ಇವತ್ತು ಅವಕ್ಕೆ ‘ದೇಸಿ ಪಬ್’ ಅನ್ನುತ್ತಾರೆ. ಹ್ಯಾಂಡ್‌ಪಂಪಿನಲ್ಲಿ ಏಲ್, ಪಕ್ಕದಲ್ಲಿ ಚರಗುಟ್ಟುವ ಕಾವಲಿಯ ಮೇಲೆ ಮಿಕ್ಸೆಡ್ ಗ್ರಿಲ್, ಟಿವಿಯಲ್ಲಿ ಕ್ರಿಕೆಟ್. ವೆಸ್ಟ್ ಬ್ರಾಮ್ವಿಚ್‌ನ ರೆಡ್ ಲಯನ್ ಪಬ್ಬಿನಲ್ಲಿ ಬಣ್ಣದ ಗಾಜಿನ ಚಿತ್ರಗಳಿವೆ. ಚರ್ಚಿನ ಕಿಟಕಿಗಳಲ್ಲಿ ಸಂತರಿರುವಂತೆ ಇಲ್ಲಿ ವಲಸೆ ಬಂದ ಕಾರ್ಮಿಕರಿದ್ದಾರೆ. ಬಿಳಿಯ ಗಿರಾಕಿ ಕಡಿಮೆಯಾಗಿ ಮುಚ್ಚಬೇಕಿದ್ದ ಎಷ್ಟೋ ಪಬ್‌ಗಳು ಈ ಭಾಗದಲ್ಲಿ ಉಳಿದದ್ದು ಅವರಿಂದ. ಇಂಗ್ಲಿಷರ ಪರಂಪರೆ ಅಂತ ನಾವು ಕರೆಯುವುದನ್ನು ಒಂದು ಕಾಲಕ್ಕೆ ಹೊರಗೆ ನಿಲ್ಲಿಸಲ್ಪಟ್ಟವರೂ ಹೊತ್ತು ನಿಂತಿದ್ದಾರೆ. ಇದನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ.

ಹಾಗಾದರೆ ಒಡೆತನದ ಗಂಟು ಬಿಡಿಸುವುದು ಹೇಗೆ? ಒಂದು ದಾರಿ, ಊರವರೇ ಕೊಂಡುಕೊಳ್ಳುವುದು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ‘ಓಲ್ಡ್ ಕ್ರೌನ್’ ಪಬ್ಬನ್ನು 2003ರಲ್ಲಿ ಸಹಕಾರಿ ಸಂಘ ಮಾಡಿಕೊಂಡು ಕೊಂಡರು. ಸಹಕಾರಿ ಸಂಘ ಅಂದರೆ ಏನು ಅಂತ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ದೇಶದಲ್ಲೇ ಈ ಪದ್ಧತಿಯ ಮೊದಲ ಪಬ್ ಅದು. 2011ರ ಲೋಕಲಿಸಂ ಕಾಯ್ದೆ ಇದಕ್ಕೆ ಒಂದಿಷ್ಟು ಬಲ ಕೊಟ್ಟಿತು. ಊರವರು ಅರ್ಜಿ ಹಾಕಿ ಒಂದು ಪಬ್ಬನ್ನು ‘ಸಮುದಾಯದ ಆಸ್ತಿ’ ಅಂತ ಕೌನ್ಸಿಲ್‌ನಲ್ಲಿ ಬರೆಸಬಹುದು. ಆಮೇಲೆ ಮಾಲೀಕರು ಮಾರಲು ಹೊರಟರೆ, ‘ನಾವೂ ಕೊಳ್ಳಲು ನೋಡುತ್ತೇವೆ’ ಅಂತ ಹೇಳಲು ಆರು ವಾರ ಸಿಗುತ್ತದೆ. ಹೇಳಿದರೆ ಒಟ್ಟು ಆರು ತಿಂಗಳು ಮಾರಾಟ ನಿಲ್ಲುತ್ತದೆ. ಆಗ್ನೇಯ ಲಂಡನ್ನಿನ ನನ್‌ಹೆಡ್‌ನ ‘ಐವಿ ಹೌಸ್’ 2012ರಲ್ಲಿ ಈ ಪಟ್ಟಿ ಸೇರಿದ ಮೊದಲ ಪಬ್. ಮರುವರ್ಷ ಅಲ್ಲಿನವರು ಸಾಲ ಮಾಡಿ, ಷೇರು ಹಂಚಿ ಅದನ್ನು ಕೊಂಡೇಬಿಟ್ಟರು.

ಆದರೆ ಇದು ಕೊಳ್ಳುವ ಹಕ್ಕಲ್ಲ, ಬೆಲೆ ಕೂಗುವ ಹಕ್ಕು ಮಾತ್ರ. ಆರು ತಿಂಗಳು ಓಡಾಡಿ ಲಕ್ಷಗಟ್ಟಲೆ ಪೌಂಡ್ ಸೇರಿಸಿದರೂ ಮಾಲೀಕರು ‘ನಿಮಗೆ ಕೊಡುವುದಿಲ್ಲ’ ಅನ್ನಬಹುದು. 2025ರ ಜುಲೈನಲ್ಲಿ ಸಂಸತ್ತಿಗೆ ಬಂದ ಮಸೂದೆಯೊಂದು ಇದನ್ನು ಬದಲಿಸಲು ಹೊರಟಿತು. ಇಂಥ ಆಸ್ತಿ ಮಾರಾಟಕ್ಕೆ ಬಂದರೆ ಮೊದಲು ಊರವರಿಗೇ ಅವಕಾಶ, ದುಡ್ಡು ಹೊಂದಿಸಲು ಒಂದು ವರ್ಷ. ವ್ಯಾಪಾರದ ಕಟ್ಟಡಗಳ ಬಾಡಿಗೆ ಏರುತ್ತಲೇ ಹೋಗಬೇಕು, ಇಳಿಯುವಂತೇ ಇಲ್ಲ ಅನ್ನುವ ಕರಾರುಗಳನ್ನು ನಿಷೇಧಿಸುವ ಮಾತೂ ಅದರಲ್ಲಿತ್ತು. ಸುಂಕದಲ್ಲಿ ಪಿಂಟಿಗೆ ಒಂದು ಪೆನ್ನಿ ಇಳಿಸಿ ಸಚಿವರು ಲೋಟ ಎತ್ತಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ದೊಡ್ಡ ಕೆಲಸ ಅಂತ ನನ್ನ ಭಾವನೆ.

ನಮ್ಮ ಪಬ್ ಆ ಪಟ್ಟಿಯಲ್ಲಿ ಇರಲಿಲ್ಲ. ತುಂಬಿರುವ ಪಬ್ಬಿಗೆ ಏನಾದೀತು ಅಂತ ಯಾರೂ ಯೋಚಿಸಿರಲಿಲ್ಲ. ಈಗ ಪ್ಲೈವುಡ್ ಹೊಡೆದ ಮೇಲೆ ಅರ್ಜಿ ಹಾಕುತ್ತಿದ್ದೇವೆ. ಊರಿನ ಮತದಾರರ ಪಟ್ಟಿಯಲ್ಲಿರುವ ಕನಿಷ್ಠ 21 ಜನ ಸೇರಿ ಕೇಳಬೇಕು, ಕೌನ್ಸಿಲ್ ಎಂಟು ವಾರದಲ್ಲಿ ತೀರ್ಮಾನ ಹೇಳಬೇಕು. ಕ್ವಿಜ್‌ನಲ್ಲಿ ನಮ್ಮ ಎದುರಾಳಿ ತಂಡದಲ್ಲಿದ್ದ ನಿವೃತ್ತ ಟೀಚರ್ ಒಬ್ಬರು ಮನೆಮನೆಗೆ ಕಾಗದ ಹಿಡಿದು ಬಂದರು. ‘ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ನಡೆಯುತ್ತಾ?’ ಅಂತ ಕೇಳಿದೆ. ಇಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶದವರಿಗೂ ಮತ ಇದೆ, ನಿಮ್ಮ ಹೆಸರು ಪಟ್ಟಿಯಲ್ಲಿ ನೋಡಿಕೊಂಡೇ ಬಂದೆ ಅಂದರು. ಹದಿನಾಲ್ಕನೆಯ ಸಹಿ ನನ್ನದು. ಸಭೆ ಮಂಗಳವಾರ ರಾತ್ರಿ 8ಕ್ಕೆ, ಚರ್ಚ್ ಹಾಲ್‌ನಲ್ಲಿ.